ಆರು ಹಲ್ಲಿನ ಆಂಪ್ಲಿಫೈಯರು

ಬೇರೆಯವರ ಜೀವನದಲ್ಲಿ ನಗುವಂಥ ಪ್ರಸಂಗಗಳು ಎಂದೋ ಒಮ್ಮೆ ನಡೆಯುತ್ತವೆ. ನನಗೆ ಹಾಗಲ್ಲ. ಗಿಟಾರು ಹೆಗಲಿಗೇರಿತೆಂದರೆ ಅವು ನನ್ನನ್ನೇ ಹುಡುಕಿಕೊಂಡು ಬರುತ್ತವೆ.

ಹೊಟ್ಟೆಪಾಡಿಗೆ ನಾನು ಟೇಲರ್. ಸಿಂದಗಿಯಲ್ಲಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅಂಗಡಿ. ಹುಚ್ಚಿಗೆ ಒಂದು ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ಬಾರಿಸುತ್ತೇನೆ. ಇದಕ್ಕೆ ನಾಲ್ಕೇ ತಂತಿ, ಅವೂ ದಪ್ಪ. ದನಿ ಪಾತಾಳದಿಂದ ಬರುತ್ತದೆ. ಕೋಟಿಗೆ ಒಳಗಿನಿಂದ ಅಸ್ತರ್ ಕೊಡುತ್ತೇವಲ್ಲ, ಹಾಡಿಗೆ ಬೇಸ್ ಹಾಗೆ. ಇದ್ದಾಗ ಯಾರೂ ನೋಡುವುದಿಲ್ಲ. ತೆಗೆದರೆ ಮಾತ್ರ ಕೋಟು ಮೈಮೇಲೆ ನಿಲ್ಲುವುದಿಲ್ಲ. ಇದನ್ನು ಜನರಿಗೆ ತಿಳಿಸಿ ಹೇಳುವುದು ಎಷ್ಟು ಕಷ್ಟವೆಂದರೆ, ನಮ್ಮ ಆರ್ಕೆಸ್ಟ್ರಾದ ಮಾಲಕರಿಗೇ ಇದು ಇನ್ನೂ ತಿಳಿದಿರಲಿಲ್ಲ.

ಮಾಲಕರೇ ನಮ್ಮ ಮುಖ್ಯ ಗಾಯಕರು. ಮದುವೆ ಸೀಜನ್ ಶುರುವಾಗುವ ಮೊದಲು ಒಂದು ದಿನ ಅಂಗಡಿಗೆ ಬಂದು, ಸ್ಟೂಲಿನ ಮೇಲೆ ಕುಳಿತು, ನೇರವಾಗಿ ವಿಷಯಕ್ಕೆ ಬಂದರು.

"ಟೇಲರ, ಸಿಟ್ಟಾಗಬ್ಯಾಡ. ನೀ ಬಾರಸೂದು ಇದ್ರೂ ಅಷ್ಟ, ಇಲ್ಲಂದ್ರೂ ಅಷ್ಟ. ಕೀಬೋರ್ಡಿನಾಂವ ಅದನ್ನ ಎಡಗೈಲೆ ಬಾರಸ್ತೇನಿ ಅಂತಾನ."

"ಮಾಲಕ್ರ, ಅದು ಹಂಗ ಆಗೂದಿಲ್ಲರಿ."

"ಆಗತೈತೋ ಇಲ್ಲೋ, ಮಂದಿ ಹೇಳ್ಲಿ. ಈ ಸೀಜನ್ ಮುಗಿಯೂದ್ರಾಗ ಕೇಳಾಕ ಬಂದವರೊಳಗ ಒಬ್ಬರರೆ 'ಆ ಟೇಲರ ಬಾರಸೂದು ಬೇಕು' ಅಂದ್ರ, ನೀ ಇರು. ಇಲ್ಲಂದ್ರ ಅಂಗಡ್ಯಾಗ ಆರಾಮ ಕುಂತು ಹೊಲಿ."

ವಾರವಿಡೀ ಗುಂಡಿ, ಕಾಜಾ, ಕಾಲರು ಎಂದು ಬಾಗಿ ಕುಳಿತ ನನಗೆ ನೆಟ್ಟಗೆ ನಿಲ್ಲಲು ಸಿಗುವುದು ಆ ಸ್ಟೇಜ್ ಒಂದೇ. ಅದು ಹೋದರೆ ನನಗೆ ಉಳಿಯುವುದು ಕತ್ತರಿ ಮಾತ್ರ.

ತಪ್ಪು ನನ್ನ ಬೆರಳುಗಳದಲ್ಲ, ಸಾಮಾನಿನದು ಎಂದು ನಾನು ಅಂದೇ ನಿರ್ಧರಿಸಿದೆ. ಅಲ್ಲಿಯವರೆಗೆ ನನ್ನ ಗಿಟಾರಿನ ವಾಯರು ಹಾಡುವವರ ಮೈಕಿನ ಹಳೆಯ ಮಷೀನಿಗೇ ಜೋತುಬಿದ್ದಿತ್ತು. ಅದರಲ್ಲಿ ನನ್ನ ದನಿ ಹೊರಗೆ ಬರುವುದಿರಲಿ, ಒಳಗೆ ಹೋಗುತ್ತಿತ್ತೋ ಇಲ್ಲವೋ ದೇವರಿಗೇ ಗೊತ್ತು. ಸ್ವಂತ ಆಂಪ್ಲಿಫೈಯರು ಬೇಕು, ದನಿಗೆ ಬಣ್ಣ ಕೊಡುವ ಪೆಡಲ್‌ಗಳು ಬೇಕು. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ.

ಸುಳಿ ನೋಡಿ ತಂದದ್ದು

ನಮ್ಮ ಮನೆತನದಲ್ಲಿ ದೊಡ್ಡ ಸಾಮಾನು ಕೊಳ್ಳಲು ಒಬ್ಬರೇ ಹೋಗುವ ರೂಢಿಯಿಲ್ಲ. ತಿಳಿದವರೊಬ್ಬರು ಜೊತೆಗಿರಬೇಕು. ನಮ್ಮಲ್ಲಿ ತಿಳಿದವರು ಎಂದರೆ ನನ್ನ ಸೋದರಮಾವ. ಮಾವ ದನದ ಸಂತೆಯ ದಲ್ಲಾಳಿ. ನನ್ನ ತಂಗಿಗೆ ವರ ನೋಡಿದ್ದೂ ಅವರೇ, ಮನೆಗೆ ಫ್ರಿಜ್ ಆರಿಸಿದ್ದೂ ಅವರೇ. ಹಾಗಾಗಿ ಸೋಲಾಪುರಕ್ಕೆ ಆಂಪ್ಲಿಫೈಯರು ತರಲು ಹೊರಟಾಗ ಹೆಗಲಿಗೆ ಟವೆಲ್ ಹಾಕಿಕೊಂಡು ಅವರೂ ಬಸ್ ಹತ್ತಿದರು.

ಸೋಲಾಪುರದ ಅಂಗಡಿಯವನು ಒಳ್ಳೆಯ ಮನುಷ್ಯ, ಕನ್ನಡವೂ ಚೆನ್ನಾಗಿ ಬರುತ್ತಿತ್ತು. ಮೊದಲಿಗೆ ಒಂದು ಭಾರೀ ಆಂಪ್ಲಿಫೈಯರು ತೋರಿಸಿದ. ಅದಕ್ಕೆ ಎರಡು ಸ್ಪೀಕರು. ದನಿ ತಿದ್ದಲು ಮೇಲೆ ಸಾಲಾಗಿ ಎಂಟು ತಿರುಗುವ ಗುಂಡಿ. ನನಗೆ ನೋಡಿದ ಕೂಡಲೇ ಮನಸ್ಸಾಯಿತು. ಮಾವ ಮುಂದೆ ಬಂದು ಅದರ ಸುತ್ತ ಒಂದು ಸುತ್ತು ಹಾಕಿದರು. ಬೆನ್ನ ಮೇಲೆ ಕೈಯಾಡಿಸಿದರು. ಆಮೇಲೆ ಬಾಗಿ, ಎತ್ತಿನ ವಯಸ್ಸು ತಿಳಿಯಲು ಹಲ್ಲು ಎಣಿಸುವ ಹಾಗೆ, ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದರು.

"ಬ್ಯಾಡ ಅಳಿಯಾ. ಎಂಟೂ ಹಲ್ಲು ಬಂದು ಬಾಯಿಗೂಡೈತಿ. ಇದರ ವಯಸ್ಸು ಮುಗೀತು."

"ಮಾಮಾ, ಅವು ಹಲ್ಲಲ್ಲರಿ."

"ನೀ ಸುಮ್ಕಿರು. ಮ್ಯಾಲೆ ಜೋಡ ಸುಳಿ ಐತಿ ನೋಡು," ಎಂದು ದನದ ಮೈಮೇಲಿನ ಸುಳಿ ತೋರಿಸುವ ಹಾಗೆ ಎರಡು ಸ್ಪೀಕರುಗಳನ್ನು ತೋರಿಸಿದರು. "ಜೋಡ ಸುಳೀದು ಕಟ್ಟಿದ ಮನಿಗೆ ಆಗಿ ಬರೂದಿಲ್ಲ."

ಅಂಗಡಿಯವನು ನನ್ನ ಮುಖ ನೋಡಿದ. ನಾನು ಪಂಖ ನೋಡಿದೆ.

ಕೊನೆಗೆ ಮಾವನಿಗೆ ಒಪ್ಪಿಗೆಯಾದದ್ದು ಮೂಲೆಯಲ್ಲಿದ್ದ ಇನ್ನೊಂದು. ಒಂದೇ ಸ್ಪೀಕರು, ಅದೂ ನಟ್ಟನಡುವೆ. ಗುಂಡಿ ಆರು. "ಆರು ಹಲ್ಲಿಂದು. ಈಗ ಹರೇಕ ಬಂದೈತಿ. ಕಾಲೂ ಗಟ್ಟಿ ಅದಾವು," ಎಂದು ಕೆಳಗಿನ ರಬ್ಬರ್ ಕಾಲುಗಳನ್ನು ಒತ್ತಿ ನೋಡಿದರು. ಬಾರಿಸಿ ನೋಡಿದೆ. ನಿಜ ಹೇಳಬೇಕೆಂದರೆ ದನಿ ಚೆನ್ನಾಗಿಯೇ ಇತ್ತು, ಅಂಗಡಿಯ ಗಾಜು ನಡುಗಿತು.

ಇನ್ನು ರೇಟು. ದನದ ಸಂತೆಯಲ್ಲಿ ರೇಟನ್ನು ಬಾಯಿಬಿಟ್ಟು ಆಡುವುದಿಲ್ಲ. ಟವೆಲಿನ ಕೆಳಗೆ ಕೈಯಲ್ಲಿ ಕೈಯಿಟ್ಟು ಬೆರಳು ಹಿಸುಕಿ ಆಡುತ್ತಾರೆ. ಮಾವ ಗಲ್ಲೆಯ ಹತ್ತಿರ ಹೋಗಿ ಅಂಗಡಿಯವನ ಕೈ ಹಿಡಿದರು, ಮೇಲೆ ಟವೆಲ್ ಹೊದಿಸಿದರು, ಬೆರಳು ಹಿಸುಕತೊಡಗಿದರು.

"ಕಾಕಾ, ಏನ್ ಮಾಡಾಕತ್ತೀರಿ?" ಅಂಗಡಿಯವನು ಗಾಬರಿಯಾದ.

"ನೀ ಹೇಳು."

"ಏನ್ ಹೇಳ್ಲಿ? ಬಳ್ಳು ನೋಯಾಕತ್ತಾವು."

"ನಾಕ ಮಂದ್ಯಾಗ ಬಾಯಿಲೆ ಹೇಳಬಾರದು. ಹಿಂಗ ಹೇಳು."

ಆ ಮನುಷ್ಯ ಕೈ ಎಳೆದುಕೊಳ್ಳಲು ನೋಡಿದ. ಎತ್ತಿನ ಹಗ್ಗ ಹಿಡಿದ ಕೈ ಅದು, ಬಿಡುವುದುಂಟೇ? ಅಷ್ಟರಲ್ಲಿ ಬೇರೆ ಗಿರಾಕಿಗಳು ಬಂದರು, ಹೊರಗೆ ಸಾಮಾನಿನ ಟೆಂಪೋ ಬಂದು ಹಾರ್ನ್ ಹೊಡೆಯಿತು, ಅಂಗಡಿಯವನ ಫೋನು ಬೇರೆ ಬಡಿದುಕೊಳ್ಳತೊಡಗಿತು. ಬಲಗೈ ಮಾತ್ರ ನಮ್ಮ ಮಾವನ ಟವೆಲಿನೊಳಗೆ. ಕೊನೆಗೆ ಅವನು ಸೋತು, ಮಾವನ ಎಷ್ಟು ಬೆರಳು ಕೈಗೆ ಸಿಕ್ಕವೋ ಅಷ್ಟನ್ನು ಹಿಡಿದು ಒಮ್ಮೆ ಹಿಸುಕಿದ.

"ಮುಗೀತು," ಎಂದು ಮಾವ ಟವೆಲ್ ಕೊಡವಿದರು. "ವ್ಯವಹಾರ ಆತು."

ಹೊರಗೆ ಬಂದ ಮೇಲೆ ಮಾವ ಹೆಮ್ಮೆಯಿಂದ, "ಭಾಳ ಇಳಿಸಿದ ನೋಡು, ನನ್ನ ಮ್ಯಾಲೆ ಎಷ್ಟ ಪ್ರೀತಿ," ಎಂದರು. ಇಳಿಸಿದ್ದು ನಿಜ. ಆದರೆ ಬಿಲ್ ಬರೆಯಲು ಅವನಿಗೆ ಅವನ ಕೈ ವಾಪಸ್ ಬೇಕಾಗಿತ್ತು, ಅಷ್ಟೇ.

ಕಿಡಕಿ ಬಾಜೂ ಸೀಟು

ಆಂಪ್ಲಿಫೈಯರನ್ನು ಸೋಲಾಪುರದಿಂದ ಊರಿಗೆ ತಂದದ್ದು ಬಸ್ಸಿನಲ್ಲಿ. ಕಂಡಕ್ಟರು ಅದನ್ನು ಮೇಲಿಂದ ಕೆಳಗೆ ನೋಡಿ, "ಇದಕ್ಕ ಒಂದ ಫುಲ್ ಟಿಕೆಟ್ ಆಗತೈತ್ರಿ," ಎಂದ. ನಾನು ದುಡ್ಡು ತೆಗೆಯುವಷ್ಟರಲ್ಲಿ ಮಾವ ಅಡ್ಡ ಬಂದರು.

"ಫುಲ್ ಟಿಕೆಟ್ ಅಂದ್ರ ಮನಷ್ಯಾನ ಟಿಕೆಟ್ ಅಲ್ಲೇನು?"

"ಹೌದ್ರಿ."

"ಹಂಗಾರ ಇದಕ ಸೀಟ್ ಕೊಡ್ರಿ."

ಕಂಡಕ್ಟರು ನಕ್ಕ. ಮಾವ ನಗಲಿಲ್ಲ. ಟಿಕೆಟ್ ಕೈಗೆ ಬಂದದ್ದೇ ತಡ, ಆಂಪ್ಲಿಫೈಯರನ್ನು ಎತ್ತಿ ಕಿಡಕಿ ಪಕ್ಕದ ಸೀಟಿನಲ್ಲಿ ಕೂರಿಸಿದರು, ಪಕ್ಕದಲ್ಲಿ ತಾವು ಕುಳಿತರು. ಬಸ್ ತುಂಬಿತು. ನಾನು ನಿಂತೆ. ಝಳಕಿಯಲ್ಲಿ ಹತ್ತಿದವರೊಬ್ಬರು ಸೀಟಿನ ಮೇಲಿನ ಪೆಟ್ಟಿಗೆ ತೆಗೆಯಿರಿ ಎಂದು ಜಗಳಕ್ಕೆ ಬಂದರೆ, ಮಾವ ಅದರ ಟಿಕೆಟ್ ತೋರಿಸಿದರು. ಅವರು ಟಿಕೆಟ್ ನೋಡಿ, ಪೆಟ್ಟಿಗೆ ನೋಡಿ, ನಿಂತಿದ್ದ ನನ್ನನ್ನು ನೋಡಿ, "ಮತ್ತ ಇವರ್ಯಾಕ ನಿಂತಾರ?" ಎಂದು ಕೇಳಿದರು.

"ಅಂವ ಅದನ್ನ ಕಾಯಾಂವ," ಎಂದರು ಮಾವ.

ಇಂಡಿ ಬರುವವರೆಗೆ ಅದು ಕಿಡಕಿಯ ಗಾಳಿ ತೆಗೆದುಕೊಳ್ಳುತ್ತಾ ಆರಾಮಾಗಿ ಕುಳಿತಿತ್ತು. ಇಂಡಿಯಲ್ಲಿ ಮಾವನ ಇನ್ನೊಂದು ಪಕ್ಕದ ಸೀಟು ಖಾಲಿಯಾಯಿತು. ನಾನು ಕೂರಲು ಹೋದಾಗ ಮಾವ ಅಲ್ಲಿ ತಮ್ಮ ಕಾಲು ಚಾಚಿದರು.

ಡೀಸೆಲ್ ದಂಡ

ನಮ್ಮದು ಮಣ್ಣಿನ ಮಾಳಿಗೆಯ ಹಳೆಯ ಮನೆ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಆದರೆ ಆ ಮನೆಯನ್ನು ಕಟ್ಟಿದ ಮುತ್ತಜ್ಜನಿಗೆ, ಮುಂದೆ ಮರಿಮೊಮ್ಮಗನೊಬ್ಬ ಬೇಸ್ ಗಿಟಾರ್ ಬಾರಿಸುತ್ತಾನೆಂದು ಹೇಗೆ ಗೊತ್ತಾಗಬೇಕು? ದಪ್ಪ ತಂತಿ ಮೀಟಿದೆ. ಗೋಡೆಯ ಮಾಡದಲ್ಲಿದ್ದ ತಾಮ್ರದ ಕೊಡ ಗುಂಯ್ ಎಂದಿತು. ಎರಡನೆಯ ತಂತಿಗೆ ಅಡುಗೆಮನೆಯ ತಾಟುಗಳು ಒಂದಕ್ಕೊಂದು ಮಾತಾಡಿದವು. ಮೂರನೆಯದು ಮೀಟುವಷ್ಟರಲ್ಲಿ ಮಾಳಿಗೆಯಿಂದ ಮಣ್ಣು ಉದುರಿ ಹೆಂಡತಿ ನಾದುತ್ತಿದ್ದ ಜೋಳದ ಹಿಟ್ಟಿಗೆ ಬಿತ್ತು.

ಬೈಗುಳಕ್ಕೆ ತಯಾರಾದೆ. ಆಕೆ ಮೇಲೆ ನೋಡಿದಳು, ಹಿಟ್ಟಿನ ಪರಾತ ಆಚೆ ಸರಿಸಿದಳು. "ನಿಲ್ಲಸಬ್ಯಾಡ್ರಿ. ಆ ದಪ್ಪ ತಂತೀದು ಇನ್ನೊಂದೀಟು ಬಾರಸ್ರಿ. ಚೊಲೊ ಅನಸತೈತಿ," ಎಂದಳು.

ನನ್ನ ಕಣ್ಣು ತುಂಬಿ ಬಂತು. ಮದುವೆಯಾದಾಗಿನಿಂದ ನನ್ನ ಯಾವ ಗುಣವನ್ನೂ ಹೊಗಳದ ಹೆಂಡತಿ ಇವಳು. ಅಂದಿನಿಂದ ಮಧ್ಯಾಹ್ನ ಊಟಕ್ಕೆ ಬಂದಾಗಲೆಲ್ಲ, "ಈಗೊಂದೀಟು ಬಾರಸ್ರಿ," ಎಂದು ಆಕೆಯೇ ಹೇಳತೊಡಗಿದಳು. ನಾನು ಬಾರಿಸುವುದು, ಆಕೆ ನಮ್ಮ ಎಂಟು ತಿಂಗಳ ಮಗಳ ತೊಟ್ಟಿಲ ಪಕ್ಕದಲ್ಲಿ ಕಣ್ಣುಮುಚ್ಚಿ ಕೂರುವುದು. ಮಾಲಕರಿಗೆ ಗೊತ್ತಾಗದ ಸಂಗೀತ ನನ್ನ ಹೆಂಡತಿಗಾದರೂ ಗೊತ್ತಾಯಿತಲ್ಲ ಎಂದು ನನಗೆ ಸಮಾಧಾನ.

ಮೂರನೆಯ ದಿನ ಪಕ್ಕದ ಮನೆಯ ರಿಟೈರ್ಡ್ ಮಾಸ್ತರರು ಬಾಗಿಲಿಗೆ ಬಂದರು.

"ತಮ್ಮಾ, ನಿಮ್ಮ ಮನಿ ಹಿಂದ ಯಾರೋ ಟ್ರ್ಯಾಕ್ಟರ್ ಚಾಲೂ ಬಿಟ್ಟು ಹೋಗಾಕತ್ತಾರ. ದಿನಾ ಊಟದ ಹೊತ್ತಿನ್ಯಾಗ. ಡೀಸೆಲ್ ದಂಡ ಆಗತೈತಿ ಅಂತ ಅವರಿಗೊಂದ ಮಾತು ಹೇಳು."

"ಹೇಳ್ತೇನ್ರಿ ಸರ," ಎಂದೆ. ಮತ್ತೇನು ಹೇಳಲಿ?

ಅವರು ನಾಲ್ಕು ಹೆಜ್ಜೆ ಹೋಗಿ ಮತ್ತೆ ತಿರುಗಿದರು. "ನೀ ಏನೋ ಗಿಟಾರ್ ತಂದೀಯಂತ? ಒಂದಿನಾನೂ ಕೇಳಿಸಲಿಲ್ಲಲ್ಲ. ಪಾಪ, ಆ ಟ್ರ್ಯಾಕ್ಟರ್ ಸಪ್ಪಳದಾಗ ಹ್ಯಾಂಗ ಬಾರಸ್ತೀ?"

ರೊಕ್ಕ ಕೊಟ್ಟು ಹರಿಸಿದ್ದು

ಇನ್ನು ಪೆಡಲ್‌ಗಳು. ಇವು ನೆಲದ ಮೇಲಿಡುವ ಪುಟ್ಟ ಕಬ್ಬಿಣದ ಡಬ್ಬಿಗಳು. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಇಟ್ಟು, ಕಾಲಿನಿಂದ ಒತ್ತಿದರೆ ದನಿ ಬದಲಾಗುತ್ತದೆ. ವಿಜಯಪುರದ ಅಂಗಡಿಯಲ್ಲಿ ಮೂರು ಆರಿಸಿದೆ. ಮಾವನನ್ನು ಕರೆದೊಯ್ಯಲಿಲ್ಲ. ನಾನು ಟೇಲರ್ ಎಂದು ತಿಳಿದ ಅಂಗಡಿಯವನು ನನಗೆ ತಿಳಿಯುವ ಹಾಗೆಯೇ ವಿವರಿಸಿದ. "ಇದು ಬಟ್ಟಿ ಹರದಂಗ ದನಿ ಹರೀತೈತ್ರಿ. ಇದು ಮುಂದ ಹಿಂದ ತುಳದ್ರ ದನಿ ಬಾಯಿ ತಗದು ಮುಚ್ಚತೈತಿ. ಇದು ಏರು ತಗ್ಗು ಇಲ್ದಂಗ ದನೀನ ಇಸ್ತ್ರಿ ಮಾಡತೈತಿ." ಮೂರನೆಯದು ಎಲ್ಲಕ್ಕಿಂತ ಸಪ್ಪೆ ಎನಿಸಿತು. ಜೋಡಿಗಿರಲಿ ಎಂದು ತಂದೆ.

ದನಿ ಹರಿಯುವ ಪೆಡಲಿನ ಪ್ರತಾಪ ತೋರಿಸಲು ಮುದ್ದೇಬಿಹಾಳದ ಒಂದು ಮದುವೆ ಸಿಕ್ಕಿತು. ಎರಡನೆಯ ಹಾಡಿನ ನಡುವೆ ಗಟ್ಟಿಯಾಗಿ ಒತ್ತಿದೆ. ಘರ್ರ್ ಎಂದು ದನಿ ಬಂತು. ಪಟ್ಟಣಗಳಲ್ಲಿ ಇಂಥ ದನಿಗೆ ಹುಡುಗರು ಕುಣಿಯುತ್ತಾರಂತೆ. ಇಲ್ಲಿ ಸೌಂಡ್ ಸಿಸ್ಟಮಿನವನು ಊಟದ ಪಂಕ್ತಿಯಿಂದ ಎದ್ದು ಕೈಯಲ್ಲಿ ಹೋಳಿಗೆ ಹಿಡಿದುಕೊಂಡೇ ಓಡಿ ಬಂದ.

"ಬಂದ್ ಮಾಡ್ರಿ, ಬಂದ್ ಮಾಡ್ರಿ. ಸ್ಪೀಕರ್ ಹರೀತು."

ನಾನು ಕಾಲು ತೆಗೆದೆ. ದನಿ ಸರಿಹೋಯಿತು. ಅವನು ನಿಟ್ಟುಸಿರು ಬಿಟ್ಟು ಪಂಕ್ತಿಗೆ ಹೋದ. ಮುಂದಿನ ಹಾಡಿಗೆ ನಾನು ಮತ್ತೆ ಒತ್ತಿದೆ. ಈ ಸಲ ಅವನು ಸ್ಕ್ರೂಡ್ರೈವರ್ ತಂದು, ನನ್ನ ಆಂಪ್ಲಿಫೈಯರಿನ ಬೆನ್ನು ಬಿಚ್ಚಿ, ಒಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡತೊಡಗಿದ. ಮುಂದೆ ಕುಳಿತಿದ್ದ ಹೆಣ್ಣುಮಕ್ಕಳು, "ಅಯ್ಯ ಪಾಪ, ಅವನದು ಕೆಟ್ಟೈತಿ," ಎಂದು ಮರುಕಪಟ್ಟರು. ಮದುವೆ ಮನೆಯವರೊಬ್ಬರು ಬಂದು, "ಇರ್ಲಿ ಬಿಡ್ರಿ, ಬ್ಯಾಸರಾ ಮಾಡ್ಕೋಬ್ಯಾಡ್ರಿ, ಮಷೀನ್ ಅಂದ ಮ್ಯಾಲೆ ಕೆಡತಾವು," ಎಂದು ಒಂದು ತಾಟು ಬುಂದಿ ಕೊಟ್ಟು ಹೋದರು.

ಮುಗಿದ ಮೇಲೆ ಮಾಲಕರು ಆ ಪೆಡಲನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದರು.

"ಟೇಲರ, ಇದನ್ನ ರೊಕ್ಕ ಕೊಟ್ಟು ತಂದೀಯೇನು?"

"ಹೌದ್ರಿ ಮಾಲಕ್ರ."

"ನಮ್ಮ ಹಳೇ ಮಷೀನ್ ಈ ದನಿ ಪುಕ್ಕಟ ಕೊಡ್ತಿತ್ತಲ್ಲೋ."

ಜಂಪರು

ಮೋರಟಗಿಯ ಮದುವೆಗೆ ಎರಡನೆಯ ಪೆಡಲ್ ತೆಗೆದೆ, ಮುಂದೆ ಹಿಂದೆ ತುಳಿಯುವುದು. ಇದರಲ್ಲಿ ನಾನು ಒಂದು ವಿಷಯ ಮರೆತಿದ್ದೆ. ನನ್ನ ಬಲಗಾಲು ಹುಟ್ಟಿದಾಗಿನಿಂದ ಎನ್ನುವಷ್ಟು ಕಾಲದಿಂದ ಹೊಲಿಗೆ ಮಷೀನು ತುಳಿಯುತ್ತಿದೆ. ಪಾದದ ಕೆಳಗೆ ಅಲ್ಲಾಡುವ ಹಲಗೆ ಸಿಕ್ಕಿತೆಂದರೆ ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಹಾಡು ಶುರುವಾಯಿತು. ಹಾಡು ಮೆಲ್ಲಗಿನದು, ಅತ್ತೆ ಮನೆಗೆ ಹೋಗುವ ಮಗಳ ಬಗ್ಗೆ. ನನ್ನ ಕಾಲು ಪ್ಯಾಂಟಿನ ಉದ್ದ ಹೊಲಿಗೆ ಹಾಕುವ ವೇಗದಲ್ಲಿ ಓಡತೊಡಗಿತು. ವಂವ್ ವಂವ್ ವಂವ್ ಎಂದು ದನಿ ಬಾಯಿ ತೆರೆದು ಮುಚ್ಚುತ್ತಲೇ ಇತ್ತು. ನಿಲ್ಲಿಸಬೇಕೆಂದರೆ ಬಲಗೈ ತಾನಾಗಿಯೇ ಮಷೀನಿನ ಗಾಲಿ ಹಿಡಿಯಲು ಹೋಯಿತು, ಅಲ್ಲಿ ಗಾಲಿ ಎಲ್ಲಿದೆ? ಮಾಲಕರು ಹಾಡುತ್ತಲೇ ಕಣ್ಣು ಕೆಂಪಗೆ ಮಾಡಿ ನನ್ನ ಕಡೆ ನೋಡಿದರು. ಮದುಮಗಳ ತಾಯಿ ಅಳಲು ತಯಾರಾಗಿದ್ದವರು ಸೆರಗು ಬಾಯಿಗೆ ಹಿಡಿದು ನಗತೊಡಗಿದರು.

ಹಾಡು ಮುಗಿದಾಗ ಮುಂದಿನ ಸಾಲಿನಿಂದ ಹೆಣ್ಣುಮಗಳೊಬ್ಬಳು ಎದ್ದು ನೇರ ಸ್ಟೇಜಿನ ಹತ್ತಿರ ಬಂದಳು. ಕೊನೆಗೂ ನನ್ನ ಬಾರಿಸುವುದನ್ನು ಗಮನಿಸಿದವರು ಒಬ್ಬರು ಸಿಕ್ಕರು ಎಂದು ನನ್ನ ಜೀವ ಹಿಗ್ಗಿತು. ಮಾಲಕರಿಗೂ ಕೇಳಲಿ ಎಂದು ಅವರ ಕಡೆ ತಿರುಗಿ ನಿಂತೆ.

"ಟೇಲರಣ್ಣಾ," ಎಂದಳು ಆಕೆ, "ಇಲ್ಲೆ ಕಾಲು ಇಷ್ಟ ಜೋರ ಓಡಸ್ತೀಯಲ್ಲ, ಅಂಗಡ್ಯಾಗ ನನ್ನ ಒಂದ ಜಂಪರ ಹೊಲ್ಯಾಕ ಯಾಕ ತಿಂಗಳಾತು?"

ವಿನಯ

ಉಳಿದದ್ದು ಇಸ್ತ್ರಿ ಪೆಡಲ್. ಇದನ್ನು ಹಾಡಿನ ಮೊದಲು ಒಮ್ಮೆ ಒತ್ತಬೇಕು, ಕೊನೆಗೆ ಒಮ್ಮೆ ಒತ್ತಬೇಕು, ಅಷ್ಟೇ. ಇದರಲ್ಲಿ ತಪ್ಪುವುದಕ್ಕೆ ಜಾಗವೇ ಇಲ್ಲ ಎಂದುಕೊಂಡು ಇಂಡಿಯ ಕಾರ್ಯಕ್ರಮಕ್ಕೆ ಹೋದೆ. ಮೊದಲ ಹಾಡಿಗೆ ಚಪ್ಪಲಿ ಕಾಲಿನಿಂದ ಒತ್ತಿದ್ದನ್ನು ಮದುವೆ ಮನೆಯ ಹಿರಿಯರೊಬ್ಬರು ನೋಡಿದರು. ಸ್ಟೇಜಿನ ಅಂಚಿಗೆ ಬಂದು ಕರೆದರು.

"ತಮ್ಮಾ, ಕೈಯಾಗಿಂದು ವಾದ್ಯ. ಕಾಲಾಗಿಂದು?"

"ಅದೂ ಅದರದ ಭಾಗ ರಿ ಅಜ್ಜಾರ."

"ಅಂದ್ರ ಅದೂ ವಾದ್ಯ. ಮತ್ತ ಮೆಟ್ಟಿನ ಕಾಲಿಲೆ ತುಳೀತಿ?"

ನನಗೆ ನಾಚಿಕೆಯಾಯಿತು. ಅವರು ಹೇಳಿದ್ದರಲ್ಲಿ ತಪ್ಪೇನಿದೆ? ನನ್ನ ಅಂಗಡಿಯಲ್ಲಿ ಕತ್ತರಿಗೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನುಷ್ಯ ನಾನು. ಚಪ್ಪಲಿ ಬಿಟ್ಟೆ. ಬರಿಗಾಲಲ್ಲಿ ಒತ್ತಿದೆ. ಅರ್ಥಿಂಗ್ ಸರಿಯಿರಲಿಲ್ಲವೋ ಏನೋ, ಹೆಬ್ಬೆರಳಿನಿಂದ ಮಂಡಿಯವರೆಗೆ ಝುಮ್ ಎಂದಿತು. ಸರಸ್ವತಿಗೇ ಸಿಟ್ಟು ಬಂದಿದೆ ಎಂದು ಮನಸ್ಸು ಅಳುಕಿ, ಕೈ ತಾನಾಗಿಯೇ ಕೆಳಗೆ ಹೋಯಿತು. ಬಾಗಿ ಪೆಡಲ್ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅಷ್ಟರಲ್ಲಿ ಹಾಡು ಶುರುವಾಗಿ ಅರ್ಧ ಸಾಲು ಹೋಗಿತ್ತು.

ಅಂದು ಪ್ರತಿ ಹಾಡಿಗೂ ಇದೇ ಕಥೆ. ಒತ್ತುವುದು, ಝುಮ್ ಎನ್ನುವುದು, ಬಾಗುವುದು, ಕಣ್ಣಿಗೊತ್ತಿಕೊಳ್ಳುವುದು. ಕೊನೆಗೆ ನಿಲ್ಲಿಸುವಾಗ ಇನ್ನೊಮ್ಮೆ. ನೋಡುವವರಿಗೆ ಪೆಡಲ್ ಕಾಣುತ್ತಿರಲಿಲ್ಲ, ಬಾಗುವುದಷ್ಟೇ ಕಾಣುತ್ತಿತ್ತು. ಕಾರ್ಯಕ್ರಮ ಮುಗಿದಾಗ ಮನೆಯವರು ಮೈಕಿನಲ್ಲಿ ನನ್ನನ್ನು ಕರೆದು ಶಾಲು ಹೊದಿಸಿದರು. "ಇಷ್ಟ ಮಂದಿ ಕಲಾವಿದರನ್ನ ನೋಡೇವಿ, ಹಾಡಿಗೊಮ್ಮೆ ಜನಕ್ಕ ತಲಿ ಬಾಗಿ ಶರಣು ಮಾಡಾಂವ ಇವನೊಬ್ಬನ," ಎಂದರು. ಚಪ್ಪಾಳೆಯೋ ಚಪ್ಪಾಳೆ.

ಟೆಂಪೋದಲ್ಲಿ ನಾನು ಶಾಲು ಹೊದ್ದು ಮಾಲಕರ ಎದುರು ಬೇಕೆಂದೇ ಕುಳಿತೆ.

"ನೋಡಿದ್ರೆಲ್ರಿ, ಮಂದಿ ಗುರುತಿಸಿದ್ರು."

"ಗುರುತಿಸಿದ್ರು," ಎಂದರು ಮಾಲಕರು. "ನೀ ಬಾಗೂದನ್ನ. ಬಾಗೂದೂ ಕೀಬೋರ್ಡಿನಾಂವಗ ಬರತೈತಿ."

ಧುಂ ಧುಂ

ಸೀಜನ್ನಿನ ಕೊನೆಯ ಕಾರ್ಯಕ್ರಮ ಬಸವನ ಬಾಗೇವಾಡಿಯಲ್ಲಿ. ಮದುವೆಯಲ್ಲ, ದೊಡ್ಡ ವ್ಯಾಪಾರಸ್ಥರ ಮೊಮ್ಮಗನ ತೊಟ್ಟಿಲು. ಬೆಳಗ್ಗೆ ಹೆಸರಿಟ್ಟು, ಮಧ್ಯಾಹ್ನ ಊಟ, ಊಟದ ಜೊತೆಗೆ ನಮ್ಮ ಹಾಡು. ಇಂಗಳೇಶ್ವರದಿಂದ ಹಿಡಿದು ಸುತ್ತಲಿನ ಊರುಗಳ ಬೀಗರೆಲ್ಲ ಬಂದಿದ್ದರು. ಇಂಥ ಕಾರ್ಯಕ್ರಮಕ್ಕೆ ಬರುವ ಹೆಣ್ಣುಮಕ್ಕಳ ಸೊಂಟದಲ್ಲಿ ಒಂದೊಂದು ಕೂಸು ಇದ್ದೇ ಇರುತ್ತದೆ.

ಸಾಮಾನು ಜೋಡಿಸುವಾಗ ಮಾಲಕರು ನನ್ನನ್ನು ಬದಿಗೆ ಕರೆದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು.

"ಟೇಲರ, ಇವತ್ತ ನೋಡೇ ಬಿಡೂಣು. ನಡುವ ನಾ ಕೈ ಎತ್ತಿದಾಗ ನೀ ನಿಲ್ಲಸು. ಕೀಬೋರ್ಡಿನಾಂವ ಎಡಗೈಲೆ ಬಾರಸ್ತಾನ. ಯಾರರೆ ಒಬ್ಬರು ಯಾಕ ನಿಂತತಿ ಅಂತ ಕೇಳಿದ್ರ, ನಿನ್ನ ಜಾಗಾ ನಿಂದು. ಯಾರೂ ಕೇಳಲಿಲ್ಲಂದ್ರ, ನಮ್ಮ ನಿಮ್ಮ ಸಂಬಂಧ ಅಂಗಿ ಹೊಲಸೂದಕಷ್ಟ."

"ಆಗಲಿ ಮಾಲಕ್ರ," ಎಂದೆ.

ಸ್ಟೇಜೆಂದರೆ ಊಟದ ಹಾಲ್‌ನ ಒಂದು ಬದಿಗೆ ಹಾಸಿದ ಮರದ ಹಲಗೆಗಳು. ಫ್ಯಾನಿನ ಗಾಳಿ ಬರಲೆಂದು ಹೂವಿನ ತೊಟ್ಟಿಲನ್ನೂ ಅದೇ ಹಲಗೆಗಳ ಮೇಲೆ, ನನ್ನ ಆಂಪ್ಲಿಫೈಯರಿನ ಪಕ್ಕದಲ್ಲೇ ಇಟ್ಟಿದ್ದರು. ಕೂಸು ಹೆಸರಿಡುವಾಗಿನಿಂದ ಚೀರಿ ಚೀರಿ ಕೆಂಪಾಗಿತ್ತು. ಅವ್ವ, ಅತ್ತೆ, ಸೋದರತ್ತೆಯರು ಒಬ್ಬರಾದ ಮೇಲೆ ಒಬ್ಬರು ತೂಗಿ ಸೋತಿದ್ದರು. ಇಂಥ ಗದ್ದಲದಲ್ಲಿ ಬಣ್ಣದ ದನಿಯ ಚೇಷ್ಟೆ ಬೇಡ ಎಂದು ನಾನು ಇಸ್ತ್ರಿ ಪೆಡಲನ್ನು ಮಾತ್ರ ಒತ್ತಿ, ಏರಿಲ್ಲದೆ ತಗ್ಗಿಲ್ಲದೆ ಒಂದೇ ಸಮನೆ ಬಾರಿಸತೊಡಗಿದೆ.

ಎರಡು ಹಾಡು ಮುಗಿಯುವಷ್ಟರಲ್ಲಿ ಒಂದು ಸಂಗತಿ ಗಮನಕ್ಕೆ ಬಂತು. ಕೂಸುಗಳನ್ನು ಎತ್ತಿಕೊಂಡ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಹಾಲ್‌ನ ಆ ಬದಿಯಿಂದ ಎದ್ದು ನನ್ನ ಬದಿಗೆ ಬಂದು, ಹಲಗೆಗಳ ಮೇಲೆಯೇ ಕೂರುತ್ತಿದ್ದರು. ಹಾಡುವವರ ಎದುರು ಜಾಗ ಖಾಲಿ, ನನ್ನ ಎದುರು ಸಂತೆ. ಕೀಬೋರ್ಡಿನವನನ್ನು ಹೆಮ್ಮೆಯಿಂದ ಒಮ್ಮೆ ನೋಡಿದೆ. ಅಷ್ಟರಲ್ಲಿ ಮಾಲಕರ ಕೈ ಮೇಲೆದ್ದಿತು.

ಬೆರಳು ತೆಗೆದೆ. ಅಷ್ಟು ಭಾರದ ಕೆಲಸ ನನ್ನ ಕೈ ಹಿಂದೆಂದೂ ಮಾಡಿರಲಿಲ್ಲ. ಕೀಬೋರ್ಡಿನವನ ಎಡಗೈ ಶುರುವಾಯಿತು. ಚೆನ್ನಾಗಿಯೇ ಬಾರಿಸಿದ, ಸುಳ್ಳು ಹೇಳಬಾರದು. ಊಟ ಮಾಡುವವರು ಊಟ ಮಾಡುತ್ತಿದ್ದರು, ಬಡಿಸುವವರು ಬಡಿಸುತ್ತಿದ್ದರು. ಒಂದು ಪಲ್ಲವಿ ಹೋಯಿತು. ಯಾರೂ ತಲೆ ಎತ್ತಲಿಲ್ಲ. ಮಾಲಕರು ನನ್ನ ಕಡೆ ನೋಡಿ, ನೋಡಿದಿಯಾ ಎನ್ನುವಂತೆ ಹುಬ್ಬು ಹಾರಿಸಿದರು. ನಾನು ಗಿಟಾರಿನ ಪಟ್ಟಿ ಬಿಚ್ಚಲು ಕೈ ಹಾಕಿದೆ.

ಆಗ ತೊಟ್ಟಿಲೊಳಗೆ ಅಲುಗಾಟ. ಎರಡು ಹಾಡಿನಿಂದ ಸದ್ದಿಲ್ಲದೆ ಮಲಗಿದ್ದ ಕೂಸು ಒಂದು ಕಣ್ಣು ತೆರೆಯಿತು. ಇನ್ನೊಂದು ತೆರೆಯಿತು. ಮುಖ ಚಿಕ್ಕದು ಮಾಡಿ, ಉಸಿರು ಒಳಗೆಳೆದುಕೊಂಡು, ಮಾಲಕರ ಮೈಕನ್ನೂ ಮೀರಿಸುವ ಹಾಗೆ ಕಿರುಚಿತು. ಅದರ ಹಿಂದೆಯೇ ಮುಂದಿನ ಸಾಲಿನ ಮಡಿಲಲ್ಲಿದ್ದ ಇನ್ನೊಂದು. ಅದರ ಪಕ್ಕದ ಮತ್ತೊಂದು. ನೋಡುನೋಡುತ್ತಲೇ ಹಲಗೆಗಳ ಮೇಲೆ ಮಲಗಿದ್ದ ಕೂಸುಗಳೆಲ್ಲ ಎದ್ದು ಒಂದೇ ಶ್ರುತಿಯಲ್ಲಿ ಅಳತೊಡಗಿದವು. ಕೀಬೋರ್ಡಿನವನ ದನಿ ದೂರದ ದೊಡ್ಡ ಸ್ಪೀಕರುಗಳಿಂದ ಹೊರಗೆ ಹೋಗುತ್ತಿತ್ತು. ನನ್ನ ಆಂಪ್ಲಿಫೈಯರು ಹಲಗೆಯ ಮೇಲೆ ಕುಳಿತು ಹಲಗೆಯನ್ನೇ ಮೆಲ್ಲಗೆ ನಡುಗಿಸುತ್ತಿತ್ತು. ಅಷ್ಟು ಹೊತ್ತು ಆ ಕೂಸುಗಳನ್ನು ತಟ್ಟಿ ಮಲಗಿಸಿದ್ದು ಅದು.

ಕೂಸಿನ ಅಜ್ಜಿ ಆ ಮನೆಯ ಯಜಮಾನ್ತಿ. ಪಂಕ್ತಿಯಲ್ಲಿ ತುಪ್ಪ ಬಡಿಸುತ್ತಿದ್ದವರು ಸೌಟು ಹಿಡಿದುಕೊಂಡೇ ಸ್ಟೇಜ್ ಹತ್ತಿದರು. ಹಾಡು ನಿಂತಿತು.

"ಯಾರು ಬಂದ್ ಮಾಡ್ಸಿದ್ದು?"

"ಏನ್ರಿ ಅವ್ವಾರ?" ಎಂದರು ಮಾಲಕರು.

"ಅದ, ಆ ಧುಂ ಧುಂ. ಬೆಳಗಿಂದ ಹತ್ತ ಮಂದಿ ತೂಗಿದ್ರೂ ಮಲಗದ ಕೂಸು ಅದರಿಂದ ಮಲಗಿತ್ತು. ಯಾರು ನಿಲ್ಲಸಂದಾವರು?"

ಮಾಲಕರು ಬಾಯಿ ತೆರೆದರು, ಮುಚ್ಚಿದರು. ನನ್ನ ಎರಡನೆಯ ಪೆಡಲಿನ ಹಾಗೆ. ಅಜ್ಜಿ ಸೌಟನ್ನು ನನ್ನ ಕಡೆ ತಿರುಗಿಸಿದರು.

"ತಮ್ಮಾ, ನೀ ಬಾರಸು. ನಿಲ್ಲಬ್ಯಾಡ." ಆಮೇಲೆ ಮಾಲಕರ ಕಡೆ ತಿರುಗಿ ಬಹಳ ಮರ್ಯಾದೆಯಿಂದ ಹೇಳಿದರು, "ನೀವು ಊಟಕ್ಕ ಏಳ್ರಿ. ನೀವು ಹಾಡಿದ್ರ ಮತ್ತ ಏಳ್ತಾವು."

ಆ ಮಧ್ಯಾಹ್ನ ಬಸವನ ಬಾಗೇವಾಡಿಯಲ್ಲಿ ನಾನೊಬ್ಬನೇ ಬಾರಿಸಿದೆ. ಗಾಯಕರಿಲ್ಲ, ಕೀಬೋರ್ಡಿಲ್ಲ. ಮಾಲಕರು ಕೀಬೋರ್ಡಿನವನ ಜೊತೆ ಪಂಕ್ತಿಯಲ್ಲಿ ಕುಳಿತು, ತಾಟಿನ ಸಪ್ಪಳವಾಗದ ಹಾಗೆ ಊಟ ಮಾಡಿದರು. ನಾಲ್ಕು ತಂತಿಯ ಎದುರು ಅಷ್ಟು ಜನ ಮಲಗಿದ್ದನ್ನು ಕಂಡು ಬೇರೆ ಯಾವ ಕಲಾವಿದನಿಗಾದರೂ ಅವಮಾನವಾಗುತ್ತಿತ್ತು. ನನಗೆ ಆದ ಆನಂದ ಹೇಳತೀರದು. ಟೆಂಪೋ ಹತ್ತುವಾಗ ಮಾಲಕರು ನನ್ನ ಆಂಪ್ಲಿಫೈಯರನ್ನು ತಾವೇ ಎತ್ತಿಟ್ಟು, "ನಿನ್ನ ಜಾಗಾ ನಿಂದು ಟೇಲರ. ಇನ್ನ ಮುಂದ ತೊಟ್ಟಿಲ ಕಾರ್ಯಕ್ರಮನೂ ಹಿಡೀತೇನಿ," ಎಂದರು.

ಮರುದಿನ ಮಧ್ಯಾಹ್ನ ಊಟಕ್ಕೆ ಬಂದವನು, ಎಂದಿನಂತೆ ದಪ್ಪ ತಂತಿ ಬಾರಿಸುತ್ತಾ ಹೆಂಡತಿಗೆ ಎಲ್ಲವನ್ನೂ ವಿವರವಾಗಿ ಹೇಳಿದೆ. ಆಕೆ ನಮ್ಮ ಮಗಳ ತೊಟ್ಟಿಲ ಪಕ್ಕದಲ್ಲಿ ಕಣ್ಣುಮುಚ್ಚಿಕೊಂಡೇ ಕೇಳಿಸಿಕೊಂಡಳು.

"ಇದ್ರಾಗ ಹೊಸಾದೇನೈತ್ರಿ?" ಎಂದಳು. "ಇದು ಕೂಸಿಗೆ ಚೊಲೊ ಅಂತ ನಂಗ ಮೊದಲನೇ ದಿನಾನ ಗೊತ್ತಾತು."

ನನ್ನ ಕೈ ನಿಂತಿತು. "ಹಂಗಾರ ನೀ ದಿನಾ ಬಾರಸ್ರಿ ಅಂತಿದ್ದದ್ದು, ನನ್ನ ಸಂಗೀತ ಕೇಳಾಕಲ್ಲೇನು?"

ತೊಟ್ಟಿಲೊಳಗೆ ಅಲುಗಾಟ. ಒಂದು ಕಣ್ಣು ತೆರೆಯಿತು. ಹೆಂಡತಿ ತುಟಿಯ ಮೇಲೆ ಬೆರಳಿಟ್ಟಳು.

"ಸಿಟ್ಟು ಆಮ್ಯಾಲೆ ಮಾಡ್ರಂತ. ಮೊದ್ಲ ಬಾರಸ್ರಿ."

ಬಾರಿಸಿದೆ. ಹೊರಗಿನಿಂದ ಮಾಸ್ತರರ ದನಿ ಕೇಳಿಸಿತು, "ಬಂತ ನೋಡು ಟ್ರ್ಯಾಕ್ಟರು."